ಒಂದೇ ವಿಂಡೋಸ್ ಬಳಸುತ್ತಿದ್ದರೂ ಆರಂಭದ ಪಟ್ಟಿಯಲ್ಲಿ ಎರಡು ಹೆಸರು: ಹಳೆಯದನ್ನು ತೆಗೆಯುವುದು ಹೇಗೆ?

ಹೊಸ ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ವಿಂಡೋಸ್ 10 ಹಾಕಿಕೊಂಡಿದ್ದೀರಿ, ಹಳೆಯ ಹಾರ್ಡ್ ಡಿಸ್ಕ್ ಒಳಗೇ ಇದೆ, ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ನೀಲಿ ಪರದೆಯಲ್ಲಿ 'ವಿಂಡೋಸ್ 10' ಎಂಬ ಹೆಸರು ಎರಡು ಸಲ ಕಾಣಿಸುತ್ತದೆ. ಒಂದನ್ನು ಅಳಿಸಿದರೆ ಹಳೆಯ ಫೋಟೊಗಳೂ ಹೋಗುತ್ತವೆಯೇ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ಆ ಪಟ್ಟಿಯಲ್ಲಿರುವುದು ವಿಂಡೋಸ್ ಎಲ್ಲಿದೆ ಎಂಬ ವಿಳಾಸ ಮಾತ್ರ. ವಿಳಾಸ ಅಳಿಸಿದರೆ ಮನೆ ಬೀಳುವುದಿಲ್ಲ. ಇದಕ್ಕಾಗಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಬೇಕೆಂದು, ಅಂದರೆ ಪೂರ್ತಿ ಅಳಿಸಬೇಕೆಂದು, ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಮೊದಲು ನೀವು ಹೊಸ ವಿಂಡೋಸ್‌ನಲ್ಲೇ ಇದ್ದೀರಿ ಎಂದು ಖಚಿತಪಡಿಸಿಕೊಳ್ಳಿ. ಸಿ ಡ್ರೈವಿನ ಗಾತ್ರ ನೋಡಿದರೆ ಗೊತ್ತಾಗುತ್ತದೆ. ವಿಂಡೋಸ್ ಕೀಲಿಯ ಜೊತೆ 'ಆರ್' ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ 'ಎಂಎಸ್‌ಕಾನ್ಫಿಗ್' (msconfig) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. 'ಬೂಟ್' (ಕಂಪ್ಯೂಟರ್ ಆರಂಭವಾಗುವುದು) ಎಂಬ ಟ್ಯಾಬಿನಲ್ಲಿ ಎರಡೂ ಹೆಸರುಗಳು ಸಾಲಾಗಿ ಇರುತ್ತವೆ. 'ಕರೆಂಟ್ ಓಎಸ್' ಎಂದು ಬರೆದಿರುವುದು ನೀವು ಈಗ ಬಳಸುತ್ತಿರುವುದು, ಅದನ್ನು ಮುಟ್ಟಬೇಡಿ. 'ಡಿಫಾಲ್ಟ್ ಓಎಸ್' ಎಂಬುದು ಹಳೆಯದರ ಮುಂದಿದ್ದರೆ, ಹೊಸದನ್ನು ಆರಿಸಿ 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿ. ಆಮೇಲೆ ಹಳೆಯ ಸಾಲನ್ನು ಆರಿಸಿ 'ಡಿಲೀಟ್', 'ಅಪ್ಲೈ', 'ಓಕೆ'. ಕಂಪ್ಯೂಟರನ್ನು ಮತ್ತೆ ಆರಂಭಿಸಿ. ಒಂದೇ ಹೆಸರು ಉಳಿದರೆ ಆ ನೀಲಿ ಪರದೆ ಬರುವುದೇ ಇಲ್ಲ.

ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ಸಾಲು ಹೋಯಿತೆಂದು ಅನೇಕರು ಮರುದಿನವೇ ಹಳೆಯ ಡಿಸ್ಕನ್ನು ಬಿಚ್ಚಿಬಿಡುತ್ತಾರೆ. ನಮ್ಮ ಅಕ್ಕನ ಮನೆಯಲ್ಲಿ ನಾನೂ ಹಾಗೆಯೇ ಮಾಡಿದೆ. ಕೇಬಲ್ ಕಿತ್ತು ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಬೂಟ್ ಮಾಡಲು ಯಾವ ಸಾಧನವೂ ಇಲ್ಲ! ಅಕ್ಕನ ಮಗಳ ಕಾಲೇಜು ಪ್ರಾಜೆಕ್ಟ್ ಅದರಲ್ಲೇ ಇತ್ತು, ಅವಳ ಮುಖ ಸಪ್ಪಗಾಯಿತು. ಆ ಕೆಂಪು ಕೇಬಲನ್ನು ಮತ್ತೆ ಸಿಕ್ಕಿಸಿದ ಮೇಲೆ ಎಲ್ಲ ಸರಿಯಾಯಿತು.

ಹೀಗಾಗಲು ಕಾರಣವಿದೆ. ಹಳೆಯ ಡಿಸ್ಕ್ ಜೋಡಿಸಿಕೊಂಡೇ ಇರುವಾಗ ಹೊಸದರಲ್ಲಿ ವಿಂಡೋಸ್ ಹಾಕಿದರೆ, ಆರಂಭಕ್ಕೆ ಬೇಕಾದ ಕಡತಗಳು ಹಳೆಯದರ ಪುಟ್ಟ ಭಾಗದಲ್ಲೇ ಹೋಗಿ ಕೂರುವುದುಂಟು. ವಿಂಡೋಸ್ ಹೊಸ ಡಿಸ್ಕಿನಲ್ಲಿ, ಅದರ ಬೀಗದ ಕೈ ಹಳೆಯದರಲ್ಲಿ. ಆದ್ದರಿಂದ ಬಿಚ್ಚುವ ಮುನ್ನ ವಿಂಡೋಸ್ ಕೀಲಿಯ ಜೊತೆ 'ಎಕ್ಸ್' ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. 'ಇಎಫ್‌ಐ ಸಿಸ್ಟಮ್ ಪಾರ್ಟಿಷನ್' ಎಂಬ ಭಾಗ, ಸಾಮಾನ್ಯವಾಗಿ 100 ಎಂಬಿಯಷ್ಟು ಚಿಕ್ಕದು, ಯಾವ ಡಿಸ್ಕಿನ ಸಾಲಿನಲ್ಲಿದೆ ನೋಡಿ. ತುಂಬ ಹಳೆಯ ಕಂಪ್ಯೂಟರಾದರೆ ಬರೀ 'ಸಿಸ್ಟಮ್' ಎಂದಿರುತ್ತದೆ. ಅದು ಹಳೆಯ ಡಿಸ್ಕಿನಲ್ಲಿ ಮಾತ್ರ ಇದ್ದರೆ ಆ ಡಿಸ್ಕನ್ನು ಬಿಚ್ಚಲೂ ಬೇಡಿ, ಫಾರ್ಮ್ಯಾಟ್ ಮಾಡಲೂ ಬೇಡಿ. ಆ ಕಡತಗಳನ್ನು ಎಸ್‌ಎಸ್‌ಡಿಗೆ ತರಲು 'ಬಿಸಿಡಿಬೂಟ್' ಎಂಬ ಆದೇಶ ವಿಂಡೋಸ್‌ನಲ್ಲೇ ಇದೆ. ಅದಕ್ಕೆ ಮೊದಲು ಎಸ್‌ಎಸ್‌ಡಿಯಲ್ಲಿ ಅಂಥದೇ ಒಂದು ಚಿಕ್ಕ ಭಾಗ ಮಾಡಿಕೊಳ್ಳಬೇಕು. ಯಾವ ಡಿಸ್ಕಿನಲ್ಲಿ ಏನು ಕಂಡಿತೆಂದು ಬರೆಯಿರಿ, ಉಳಿದ ಹೆಜ್ಜೆಗಳನ್ನು ನಿಮ್ಮ ಕಂಪ್ಯೂಟರಿಗೆ ಹೊಂದುವಂತೆ ಹೇಳುತ್ತೇನೆ.