ನಡುರಾತ್ರಿ ಬೊಗಳುವ ಚಿಂಚಿಲ್ಲಾ

ಪ್ರಶ್ನೆ: ಮಗಳು ಓದಲು ಬೇರೆ ಊರಿಗೆ ಹೋಗುವಾಗ ತನ್ನ ಚಿಂಚಿಲ್ಲಾವನ್ನು, ಇಲಿಯ ಬಳಗದ ಆ ತುಪ್ಪಳದ ಪುಟ್ಟ ಪ್ರಾಣಿಯನ್ನು, ನಮ್ಮ ಕೈಗೊಪ್ಪಿಸಿ ಹೋದಳು. ಎರಡು ತಿಂಗಳಾಯಿತು. ಹಗಲೆಲ್ಲ ಮಲಗಿರುತ್ತದೆ, ರಾತ್ರಿ ಎರಡು ಗಂಟೆಗೆ ನಾಯಿಮರಿಯ ಹಾಗೆ ಬೊಗಳುತ್ತದೆ. ಪಂಜರ ಇರುವುದು ನಮ್ಮ ಮಲಗುವ ಕೋಣೆಯಲ್ಲೇ. ಎದ್ದು ಲೈಟ್ ಹಾಕಿ ಕೈ ಚಾಚಿದರೆ ಗಂಟಲಿನಿಂದ 'ಕ್ಯಾಕ್ ಕ್ಯಾಕ್' ಅಂತ ಸಿಟ್ಟಿನ ಸದ್ದು. ಒಮ್ಮೆಯಂತೂ ಎದ್ದು ನಿಂತು ನನ್ನ ಮೇಲೆ ಉಚ್ಚೆ ಚಿಮ್ಮಿಸಿತು. ಮಗಳ ಹತ್ತಿರ ಮಾತ್ರ ಮೆತ್ತಗೆ ಕುಂಯ್‌ಗುಡುತ್ತಿತ್ತು. ನನ್ನನ್ನು ಕಂಡರೆ ಇದಕ್ಕೆ ಆಗುವುದಿಲ್ಲ ಅನಿಸಿಬಿಟ್ಟಿದೆ. ನಿದ್ದೆಗೆಟ್ಟ ಯಜಮಾನರು ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾರೆ. ಮಗಳು ಫೋನ್ ಮಾಡಿದಾಗಲೆಲ್ಲ ನಾನು 'ಆರಾಮಾಗಿದೆ' ಅಂತ ಸುಳ್ಳು ಹೇಳುತ್ತೇನೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಉಚ್ಚೆಯ ಸಾಲು ಓದಿ ನಗು ಬಂತು, ಕ್ಷಮಿಸಿ. ನಿಮ್ಮದು ಬಹುಶಃ ಹೆಣ್ಣು ಚಿಂಚಿಲ್ಲಾ. ಹಿಂಗಾಲ ಮೇಲೆ ಎದ್ದು ನಿಂತು ಗುರಿಯಿಟ್ಟು ಚಿಮ್ಮಿಸುವುದರಲ್ಲಿ ಹೆಣ್ಣುಗಳದ್ದೇ ಮೇಲುಗೈ. ಆದರೆ ನೀವೇ ಬರೆದ ಕ್ರಮ ನೋಡಿ: ಮೊದಲು ಕ್ಯಾಕ್ ಕ್ಯಾಕ್, ಆಮೇಲೆ ಎದ್ದು ನಿಂತದ್ದು, ಕೊನೆಗೆ ಉಚ್ಚೆ. ಪಾಪ, ಎರಡು ಸಲ ಬಾಯಿಬಿಟ್ಟು ಹೇಳಿದೆ. ಕೇಳಲಿಲ್ಲ ಅಂದಾಗ ಮೂರನೆಯದಕ್ಕೆ ಕೈ ಹಾಕಿದೆ.

ಈಗ ಆ ಬೊಗಳಿಕೆಯ ವಿಷಯ. ಚಿಂಚಿಲ್ಲಾಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಅಲ್ಲಿನ ಬಂಡೆಗಳ ಸಂದಿಯಲ್ಲಿ ಗುಂಪುಗುಂಪಾಗಿ ಬದುಕುವ ಪ್ರಾಣಿ ಅದು. ನರಿಯೋ ಗೂಬೆಯೋ ಕಂಡರೆ ಒಂದು ಬೊಗಳುತ್ತದೆ, ಉಳಿದವು ಸಂದಿಗೆ ನುಗ್ಗುತ್ತವೆ. ನಿಮ್ಮ ಕೋಣೆಯಲ್ಲಿ ಗುಂಪಿಲ್ಲ, ನರಿಯಿಲ್ಲ. ಆದರೂ ಕಾವಲಿನ ಕೆಲಸ ಬಿಟ್ಟಿಲ್ಲ. ಏನೋ ಸದ್ದಾಯಿತು, ಏನೋ ಅಲುಗಿತು, ಅದಕ್ಕೆ ಹೆದರಿಕೆಯಾಯಿತು, ಎಲ್ಲರಿಗೂ ತಿಳಿಸಿತು. ಆ 'ಎಲ್ಲರೂ' ಅಂದರೆ ಈಗ ನೀವು ಮತ್ತು ನಿಮ್ಮ ಯಜಮಾನರು!

ಏನು ಸದ್ದು ಅಂತ ನೀವೇ ಪತ್ತೆ ಮಾಡಬಹುದು. ಕಿವಿಯ ಬಗ್ಗೆ ಸಂಶೋಧನೆ ಮಾಡುವವರು ಬಹಳ ಕಾಲದಿಂದ ಚಿಂಚಿಲ್ಲಾಗಳನ್ನು ಬಳಸುತ್ತಿದ್ದಾರೆ. ಅದಕ್ಕೆ ಒಂದು ಕಾರಣ, ಅವುಗಳಿಗೆ ಕೇಳಿಸುವ ಸ್ವರಗಳ ವ್ಯಾಪ್ತಿ ಬಹುಮಟ್ಟಿಗೆ ನಮ್ಮದರ ಹಾಗೇ ಇರುವುದು. ಅಂದರೆ ಅದನ್ನು ಬೆಚ್ಚಿಸಿದ ಸದ್ದು, ಎಚ್ಚರವಿದ್ದಿದ್ದರೆ ಹೆಚ್ಚಾಗಿ ನಿಮಗೂ ಕೇಳುತ್ತಿತ್ತು. ದಿನಾ ಅದೇ ಎರಡು ಗಂಟೆ ಎನ್ನುತ್ತೀರಿ. ಒಂದು ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಕತ್ತಲಲ್ಲಿ ಸುಮ್ನೆ ಕೂತು ನೋಡಿ. ಫ್ರಿಜ್ ಮೋಟಾರು, ಮೇಲಿನ ಮನೆಯ ಕುರ್ಚಿ, ಕಿಟಕಿಯಾಚೆ ಬೆಕ್ಕು, ಏನೋ ಒಂದು ಸಿಕ್ಕೇ ಸಿಗುತ್ತದೆ. ಕೆಲವೊಮ್ಮೆ ಏನೂ ಸಿಗದೆಯೂ ಇರಬಹುದು. ನಿದ್ದೆಯಲ್ಲಿ ಬೆಚ್ಚಿ ಬೊಗಳುತ್ತದೆ ಅಂತ ಸಾಕಿದವರು ಹೇಳುವುದುಂಟು.

ಗೆಳತಿಯ ಮನೆಯಲ್ಲಿ ನಾನೂ ಒಂದು ರಾತ್ರಿ ಈ ಸಂಗೀತ ಕೇಳಿದ್ದೇನೆ. ಬೀದಿದೀಪದ ಮಸುಕು ಬೆಳಕಿನಲ್ಲಿ ಪಂಜರದ ಮೇಲಿನ ಹಲಗೆಯ ತುದಿಯಲ್ಲಿ ನಿಂತಿತ್ತು. ಮುಂಗಾಲೊಂದು ಎದೆಗೆ ಮಡಚಿತ್ತು, ಎರಡೂ ಕಿವಿ ಬಾಗಿಲ ಕಡೆ, ಮೀಸೆ ಕೂಡ ಅಲ್ಲಾಡುತ್ತಿರಲಿಲ್ಲ. ಪ್ರತಿ ಬೊಗಳಿಗೂ ಇಡೀ ಮೈ ಚೆಂಡಿನ ಹಾಗೆ ಕುಲುಕುತ್ತಿತ್ತು. ಗೆಳತಿ ಏಳಲೂ ಇಲ್ಲ, ಲೈಟೂ ಹಾಕಲಿಲ್ಲ. ಮಲಗಿದಲ್ಲಿಂದಲೇ 'ಏನಿಲ್ಲ ಕಣೇ, ನಾನಿದ್ದೀನಿ' ಅಂದಳು. ಇನ್ನೆರಡು ಸಲ, ದನಿ ತಗ್ಗಿಸಿ, ಬೊಗಳಿತು. ಆಮೇಲೆ ಕೆಳಗಿಳಿದು ಮರದ ತುಂಡು ಕಡಿಯುತ್ತಾ ಕೂತಿತು.

ನೀವು ಮಾಡುತ್ತಿರುವುದು ಇದರ ತದ್ವಿರುದ್ಧ. ಮೊದಲೇ ಬೆದರಿ ನಿಂತಿದೆ. ಫಕ್ಕನೆ ಲೈಟು, ಮೇಲಿನಿಂದ ಇಳಿಯುವ ಕೈ. ಹದ್ದು ಎರಗುವುದೂ ಮೇಲಿನಿಂದಲೇ ಅಲ್ವಾ? ಕ್ಯಾಕ್ ಅನ್ನದೆ ಇನ್ನೇನು ಮಾಡೀತು! ನಿಮ್ಮ ಮೇಲಿನ ದ್ವೇಷಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಹೊತ್ತಿನಲ್ಲಿ ಮಗಳು ಕೈ ಹಾಕಿದ್ದರೂ ಪ್ರಾಯಶಃ ಅದೇ ಸದ್ದು ಬರುತ್ತಿತ್ತು.

ಮುಟ್ಟುವುದಿದ್ದರೆ ಮುಸ್ಸಂಜೆ ಆಗಲಿ, ಅದು ತಾನಾಗಿ ಎದ್ದು ಮೈಮುರಿಯುವ ಹೊತ್ತು. ಅಂಗೈ ಮೇಲೆ ಮಾಡಿ, ಅದರ ಎದೆಗಿಂತ ಕೆಳಗೆ ಇಟ್ಟು ಕಾಯಿರಿ. ಬಂದು ಮೂಸುತ್ತದೆ, ಓಡುತ್ತದೆ, ಮತ್ತೆ ಬರುತ್ತದೆ. ಎಂದೂ ಮೈ ಹಿಡಿದು ಅಮುಕಬೇಡಿ, ಪಕ್ಕೆಲುಬು ಬಲು ನಾಜೂಕು. ಜಾಸ್ತಿ ಹೆದರಿಸಿದರೆ ಕೂದಲಿನ ಗುಂಜು ನಿಮ್ಮ ಕೈಯಲ್ಲೇ ಬಿಟ್ಟು ತಪ್ಪಿಸಿಕೊಳ್ಳುತ್ತದೆ. ದಿನಾ ಒಂದಿಪ್ಪತ್ತು ನಿಮಿಷ ಪಂಜರದ ಪಕ್ಕ ಕೂತು ನಿಮ್ಮ ಪಾಡಿಗೆ ಏನಾದರೂ ಓದಿ. ಮೆತ್ತನೆಯ ಕುಂಯ್ ಎನ್ನುವುದು ಗುರುತಿದ್ದವರ ಜೊತೆ ಆಡುವ ಮಾತು. ಎರಡು ತಿಂಗಳಲ್ಲಿ ಅದನ್ನು ನಿರೀಕ್ಷಿಸುವುದು ಸ್ವಲ್ಪ ಅವಸರವೇ.

ಬೊಗಳಿದ್ದಕ್ಕೆ ಇಷ್ಟು ತಲೆಕೆಡಿಸಿಕೊಂಡಿದ್ದೀರಿ, ನನಗೆ ಚಿಂತೆ ಹುಟ್ಟಿಸುವ ಸದ್ದುಗಳೇ ಬೇರೆ. ಗಲ್ಲದ ಕೆಳಗೆ ತುರಿಸಿದಾಗ ಕಣ್ಣು ಅರೆಮುಚ್ಚಿ ಹಲ್ಲು ಮೆಲ್ಲಗೆ ಟಿಕಟಿಕ ಅನ್ನಿಸಿದರೆ ಅದು ಸುಖದ ಸದ್ದು. ಅದೇ ಹಲ್ಲು, ಒಂದು ಮೂಲೆಯಲ್ಲಿ ಮುದುಡಿ ಕೂತು ಕರಕರ ಮಸೆಯುತ್ತಿದ್ದರೆ ನೋವು ಇರಬಹುದು. ಗಲ್ಲ ಮುಟ್ಟಿ ನೋಡಿ, ಜೊಲ್ಲಿನಿಂದ ಒದ್ದೆಯಾಗಿದೆಯಾ? ಅವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಓರೆಯಾಗಿ ಬೆಳೆದರೆ ತಿನ್ನಲಾಗದೆ ಒದ್ದಾಡುತ್ತವೆ. ಉಸಿರಲ್ಲಿ ಸೀಟಿಯಂಥ ಸದ್ದು ಬಂದರೂ, ಚೀರಿದರೂ ಕಾಯಬೇಡಿ. ಇವೆಲ್ಲಕ್ಕಿಂತ ಕೆಟ್ಟದ್ದು ಮೌನ. ಹುಲ್ಲು ಮುಟ್ಟಿಲ್ಲ, ಹಿಕ್ಕೆ ಕಡಿಮೆಯಾಗಿದೆ, ಸದ್ದೇ ಇಲ್ಲ ಅಂದರೆ ಅದೇ ದಿನ ಪಶುವೈದ್ಯರ ಹತ್ತಿರ ಒಯ್ಯಿರಿ. ಮೊಲ, ಗಿನಿ ಪಿಗ್‌ನಂಥ ಚಿಕ್ಕ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವವರಾದರೆ ಒಳ್ಳೆಯದು. ಬೇಟೆಗೆ ಬಲಿಯಾಗುವ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ.

ಇನ್ನು ಯಜಮಾನರು. ಅವರದ್ದೇನೂ ತಪ್ಪಿಲ್ಲ. ರಾತ್ರಿ ಸಂಚಾರದ ಪ್ರಾಣಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡರೆ ಯಾರಿಗೆ ನಿದ್ದೆ ಬಂದೀತು? ಪಂಜರವನ್ನು ಹಗಲು ಗಲಾಟೆಯಿಲ್ಲದ ಇನ್ನೊಂದು ಕಡೆಗೆ ಸಾಗಿಸಿ. ಒಂದೇ ಎಚ್ಚರಿಕೆ: ಅಲ್ಲಿ ತಂಪಿರಬೇಕು, ಬಿಸಿಲು ಬೀಳಬಾರದು. ಅಷ್ಟು ದಟ್ಟ ತುಪ್ಪಳ ಹೊತ್ತ ಜೀವಕ್ಕೆ ಉಷ್ಣತೆ 25 ಡಿಗ್ರಿ ದಾಟಿದರೆ ಕಷ್ಟ ಶುರು.

ಕೊಟ್ಟುಬಿಡುವ ಮಾತು ನೀವಿಬ್ಬರೇ ತೀರ್ಮಾನಿಸುವಂಥದ್ದಲ್ಲ. ಚಿಂಚಿಲ್ಲಾ ಸಾಕಿದ ಮನೆಯಲ್ಲಿ ಹತ್ತು ವರ್ಷ ಸಲೀಸಾಗಿ ಬದುಕುತ್ತದೆ, ಇಪ್ಪತ್ತರ ಹತ್ತಿರ ಹೋದವೂ ಇವೆ. ಮಗಳ ಓದು ಮುಗಿದ ಮೇಲೂ ಅದು ಇರುತ್ತದೆ, ಅವಳಿಗೆ ಅದನ್ನು ಇಟ್ಟುಕೊಳ್ಳಲು ಜಾಗ ಸಿಗುತ್ತದೋ ಇಲ್ಲವೋ. ಆ ಮಾತು ಅವಳ ಜೊತೆ ಆಗಬೇಕು. 'ಆರಾಮಾಗಿದೆ' ಅನ್ನುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಪತ್ರ ಓದುತ್ತಾ ನನಗೆ ಅನಿಸಿದ್ದು ಹೇಳಲಾ? ಮಗಳು ಒಪ್ಪಿಸಿದ್ದನ್ನು ಸರಿಯಾಗಿ ನೋಡಿಕೊಳ್ಳಲಾಗುತ್ತಿಲ್ಲ ಎಂಬ ಸಂಕಟ ನಿಮ್ಮದು. ಅದಕ್ಕೇ ಅದರ ಪ್ರತಿ ಸದ್ದೂ ನಿಮ್ಮ ಮೇಲಿನ ದೂರಿನ ಹಾಗೆ ಕೇಳುತ್ತಿದೆ.

ರಾತ್ರಿ ಬೊಗಳಿದಾಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮಗಳಿಗೆ ಕಳಿಸಿ. 'ಅಯ್ಯೋ ಅಮ್ಮಾ, ಅದು ಮೊದಲಿಂದಲೂ ಹಾಗೇ' ಅಂತಾಳೋ ಏನೋ. ನಮಗಿಂತ ಆ ಭಾಷೆ ಅವಳಿಗೆ ಚೆನ್ನಾಗಿ ಬರುತ್ತದೆ. ಒಂದೂವರೆಗೆ ಎದ್ದು ಕೂತಾಗ ಸಿಕ್ಕಿಬಿದ್ದದ್ದು ಫ್ರಿಜ್ಜೋ ಬೆಕ್ಕೋ, ನನಗೂ ಒಂದು ಸಾಲು ಬರೆಯಿರಿ.