ಓದುಗರ ಪ್ರಶ್ನೆ: ಆಫ್ರಿಕಾದ ಮತ್ಸ್ಯಕನ್ಯೆ ಹಡಗುಗಳ ಹಿಂದೆ ಯಾಕೆ ಹೋದಳು?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 15 ವರ್ಷ. ಇಂಗ್ಲಿಷಿನ ಒಂದು ಮತ್ಸ್ಯಕನ್ಯೆ ಕಾದಂಬರಿ ಹಿಡಿದು ಕೂತರೆ ಊಟಕ್ಕೂ ಏಳುವುದಿಲ್ಲ. ಪಶ್ಚಿಮ ಆಫ್ರಿಕಾದ ಪುರಾಣದ ಕಥೆಯಂತೆ. ನಾನೂ ಕೆಲವು ಪುಟ ನೋಡಿದೆ. ಗುಲಾಮರ ಹಡಗಿನಿಂದ ಸಮುದ್ರಕ್ಕೆ ಎಸೆದವರ ಆತ್ಮಗಳನ್ನು ಮತ್ಸ್ಯಕನ್ಯೆ ತೆಗೆದುಕೊಂಡು ಹೋಗುತ್ತಾಳೆ. ಹರೆಯದವರ ಪುಸ್ತಕದಲ್ಲಿ ಇಷ್ಟೊಂದು ಸಾವು ಬೇಕಾ? ಓದಲು ಬಿಡಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಬಿಡಿ. ಸಾಧ್ಯವಾದರೆ ನೀವೂ ಪೂರ್ತಿ ಓದಿ, ಯಾಕೆಂದರೆ ಮಗಳು ಪ್ರಶ್ನೆ ಕೇಳುತ್ತಾಳೆ, ಆಗ ಮಾತಾಡಲು ಮನೆಯಲ್ಲಿ ಒಬ್ಬರು ಬೇಕು. ಆ ಸಾವುಗಳನ್ನು ಥ್ರಿಲ್‌ಗಾಗಿ ತುರುಕಿದ್ದಲ್ಲ. ಅವನ್ನು ತೆಗೆದರೆ ಈ ಕಥೆಯೇ ಉಳಿಯುವುದಿಲ್ಲ.

ಯೆಮೋಜಾ ಅಂತ ಒಬ್ಬ ದೇವತೆ ಇದ್ದಾಳೆ. ನೈಜೀರಿಯಾದ ನೈರುತ್ಯ ಭಾಗದ ಯೊರುಬಾ ಜನರ ತಾಯಿ ಅವಳು. ಅಲ್ಲಿ ಅವಳು ಓಗುನ್ ನದಿಯ ದೇವತೆ. ಕ್ಯೂಬಾ, ಬ್ರೆಜಿಲ್‌ಗೆ ಹೋದರೆ ಅದೇ ತಾಯಿ ಸಮುದ್ರದವಳು! ನದಿಯವಳು ಸಮುದ್ರಕ್ಕೆ ಬಂದಿದ್ದು ಹೇಗೆ? ಅವಳನ್ನು ನಂಬಿದವರನ್ನೇ ಸರಪಳಿ ಹಾಕಿ ಸಮುದ್ರ ದಾಟಿಸಿದರು. ಅವರ ಜೊತೆ ಅವಳೂ ಹೋದಳು. ಹಡಗುಗಳ ಹಿಂದೆ ಈಜುವ ಮತ್ಸ್ಯಕನ್ಯೆ ಎಂಬ ಕಲ್ಪನೆಗೆ ಬುಡ ಇರುವುದು ಇಲ್ಲೇ.

ಇತಿಹಾಸಕಾರರ ಅಂದಾಜಿನಂತೆ ಅಟ್ಲಾಂಟಿಕ್ ಗುಲಾಮರ ವ್ಯಾಪಾರದಲ್ಲಿ ಸುಮಾರು 1.25 ಕೋಟಿ ಜನರನ್ನು ಹಡಗಿಗೆ ಹತ್ತಿಸಿದರು. ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ನಡುವೆ ಹೋದವರು 18 ಲಕ್ಷದಷ್ಟು ಜನ, ಅವರಿಗೆ ಸಮಾಧಿಯೂ ಇಲ್ಲ, ಹೆಸರೂ ಉಳಿದಿಲ್ಲ. 1781ರಲ್ಲಿ ಜಾಂಗ್ ಎಂಬ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ನೀರಿಗೆ ಎಸೆದರು. ಆಮೇಲೆ ಹಡಗಿನ ಮಾಲೀಕರು ‘ಸರಕು ನಷ್ಟವಾಯಿತು’ ಅಂತ ವಿಮೆ ಹಣ ಕೇಳಿದರು. 1783ರಲ್ಲಿ ಇದು ಇಂಗ್ಲೆಂಡಿನ ಕೋರ್ಟಿಗೆ ಹೋಯಿತು, ಅದೂ ವಿಮೆಯ ಜಗಳವಾಗಿ. ಕೊಲೆ ಅಂತ ಯಾರ ಮೇಲೂ ಕೇಸು ನಡೆಯಲಿಲ್ಲ. ಇದನ್ನು ಓದಿದ ಮೇಲೆ, ಸತ್ತವರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಳ್ಳುವ ಮತ್ಸ್ಯಕನ್ಯೆಯನ್ನು ಒಬ್ಬ ಲೇಖಕಿ ಯಾಕೆ ಸೃಷ್ಟಿಸುತ್ತಾಳೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 15ರ ಹುಡುಗಿಗೂ ಅರ್ಥವಾಗುತ್ತದೆ, ಹೆದರಬೇಡಿ.

ಪ್ರಶ್ನೆ: ಮತ್ಸ್ಯಕನ್ಯೆ ಯುರೋಪಿನ ಕಲ್ಪನೆ ಅಲ್ವಾ? ಈಗ ಸುಮ್ನೆ ಅವಳನ್ನು ಕಪ್ಪಗೆ ಮಾಡಿ ಆಫ್ರಿಕಾದವಳು ಅನ್ನುತ್ತಿದ್ದಾರೆ ಅನಿಸುತ್ತದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ಈಗ ನೈಜೀರಿಯಾದಲ್ಲಿರುವ ಹಳೆಯ ಬೆನಿನ್ ರಾಜ್ಯದ ಕಲೆ ನೋಡಿ. ಅಲ್ಲಿ ರಾಜನಿಗೆ ಕಾಲಿನ ಜಾಗದಲ್ಲಿ ಮೀನುಗಳನ್ನು ಕೆತ್ತಿದ್ದಾರೆ, ಅದು ಒಲೋಕುನ್ ಎಂಬ ಸಮುದ್ರ ದೇವತೆಗೆ ಸಂಬಂಧಿಸಿದ್ದು. ಅರ್ಧ ಮನುಷ್ಯ ಅರ್ಧ ಮೀನಿನ ರೂಪ ಅವರಿಗೆ ಹೊಸದೇನಲ್ಲ. 15ನೇ ಶತಮಾನದಲ್ಲಿ ಪೋರ್ಚುಗೀಸರು ಬಂದ ಮೇಲೆ ಯುರೋಪಿನ ಮತ್ಸ್ಯಕನ್ಯೆಯ ಚಿತ್ರವೂ ಸೇರಿಕೊಂಡಿತು, ಅದು ನಿಜ. ಆದರೆ ಅಲ್ಲಿನ ಜನ ಅದನ್ನು ತಮ್ಮದೇ ನೀರಿನ ದೇವತೆಗಳಿಗೆ ಹೊಂದಿಸಿಕೊಂಡರು.

ಇನ್ನೊಂದು ವಿಷಯ ಹೇಳಲೇಬೇಕು. ಪಶ್ಚಿಮ ಆಫ್ರಿಕಾದ ಮಾಮಿ ವಾಟಾ ಎಂಬ ನೀರಿನ ದೇವತೆಗೆ ಇವತ್ತು ಇರುವ ಹೆಸರಾಂತ ರೂಪ, ಅಂದರೆ ಕೆದರಿದ ಉದ್ದ ಕೂದಲು, ಮೈಗೆ ಸುತ್ತಿದ ಹಾವು, ಬಂದದ್ದು 1880ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅಚ್ಚಾದ ಹಾವಾಡಿಗ ಹೆಂಗಸಿನ ಚಿತ್ರದಿಂದ. 1955ರಲ್ಲಿ ಅದೇ ಚಿತ್ರವನ್ನು ನಮ್ಮ ಬಾಂಬೆಯ ಒಂದು ಕ್ಯಾಲೆಂಡರ್ ಕಂಪನಿ 12,000 ಪ್ರತಿ ಅಚ್ಚು ಹಾಕಿ ಘಾನಾದ ಕುಮಾಸಿಗೆ ಕಳಿಸಿತು! ಭಾರತದ ವ್ಯಾಪಾರಿಗಳ ಮೂಲಕ ನಮ್ಮ ದೇವರ ಪಟಗಳೂ ಅಲ್ಲಿಗೆ ಹೋದವು. ಮೂರು ತಲೆಯ ದತ್ತಾತ್ರೇಯನ ಪಟವನ್ನು ಟೋಗೋ ಮತ್ತು ಬೆನಿನ್ ದೇಶದ (ಮೇಲೆ ಹೇಳಿದ ಹಳೆಯ ಬೆನಿನ್ ರಾಜ್ಯ ಬೇರೆ) ಕಡೆಯ ಭಕ್ತರು ಡೆನ್ಸು ಎಂಬ ಜಲದೇವತೆ ಅಂತ ಪೂಜಿಸುತ್ತಾರೆ. ಗಾಣಗಾಪುರಕ್ಕೆ ಹೋಗಿಬರುವವರಿಗೆ ಇದು ಗೊತ್ತಿರಲಿ ಅಂತ ನನ್ನ ಆಸೆ.

ಪ್ರಶ್ನೆ: ಅಕ್ಕ, ನಾನು ಡಿಗ್ರಿ ಓದುತ್ತಿದ್ದೇನೆ. ಇಂಥದ್ದೇ ಒಂದು ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯೆಮೋಜಾ, ಮಾಮಿ ವಾಟಾ ಇಬ್ಬರನ್ನೂ ಒಂದೇ ಮಾಡಿದರೆ ತಪ್ಪಾ? ಖಳನಾಯಕನಾಗಿ ಎಶುವನ್ನು ಇಟ್ಟುಕೊಳ್ಳಲಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಬರೆಯುತ್ತಿದ್ದೀಯಲ್ಲ, ತುಂಬಾ ಖುಷಿಯಾಯಿತು. ಇಬ್ಬರನ್ನೂ ಒಂದೇ ಮಾಡಬೇಡ. ಯೆಮೋಜಾ ತಾಯಿ, ಅವಳ ಬಣ್ಣ ನೀಲಿ ಮತ್ತು ಬಿಳಿ. ಮಾಮಿ ವಾಟಾ ಒಂದೇ ಜನಾಂಗದ ದೇವತೆಯಲ್ಲ, ಹಲವು ದೇಶಗಳಲ್ಲಿ ಹಲವು ರೂಪ. ಕೈಯಲ್ಲಿ ಕನ್ನಡಿ, ಬಾಚಣಿಗೆ. ಸಂಪತ್ತು ಕೊಡುತ್ತಾಳೆ, ಬದಲಿಗೆ ನಿಷ್ಠೆ ಕೇಳುತ್ತಾಳೆ, ಮುನಿದರೆ ಕಷ್ಟ. ಅವಳ ಭಕ್ತರ ಬಣ್ಣ ಕೆಂಪು, ಬಿಳಿ. ಒಂದು ಕಥೆಯಲ್ಲಿ ಇಬ್ಬರೂ ಇರಲಿ, ಬೇರೆ ಬೇರೆಯಾಗಿಯೇ ಇರಲಿ. ಓಶುನ್ ಎಂಬ ಯೊರುಬಾ ನದಿ ದೇವತೆಯ ಬಗ್ಗೆಯೂ ಓದು. ನೈಜೀರಿಯಾದ ಒಶೊಗ್ಬೊದಲ್ಲಿ ನದಿ ದಡದ ಅವಳ ದೇವರಕಾಡು 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಈಗಲೂ ವರ್ಷಕ್ಕೊಮ್ಮೆ ಅಲ್ಲಿ ಹಬ್ಬ ನಡೆಯುತ್ತದೆ.

ಎಶು ವಿಷಯದಲ್ಲಿ ಮಾತ್ರ ಹುಷಾರು. ಅವನೂ ಯೊರುಬಾ ಜನರ ದೇವರೇ, ದೇವರಿಗೂ ಮನುಷ್ಯರಿಗೂ ನಡುವಿನ ದೂತ, ದಾರಿ ಕೂಡುವಲ್ಲಿ ನಿಲ್ಲುವವನು, ಆಟ ಆಡಿಸುವವನು. ಅವನನ್ನು ಸೈತಾನ ಅಂತ ಮಾಡಿದ್ದು ಮಿಷನರಿಗಳು. ನಿನ್ನ ಕಥೆಯಲ್ಲಿ ಅವನು ನಾಯಕಿಯನ್ನು ಸತಾಯಿಸಲಿ, ದಾರಿ ತಪ್ಪಿಸಲಿ, ಆದರೆ ಕೆಡುಕಿನ ಮೂರ್ತಿ ಮಾಡಬೇಡ. ನಿಜವಾದ ಖಳರು ಬೇಕಿದ್ದರೆ ಆ ಹಡಗುಗಳಲ್ಲೇ ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ಇನ್ನು ‘ಆಫ್ರಿಕಾದ ಒಂದು ಕಡಲತೀರ’ ಅಂತ ಬರೆಯಬೇಡ. ಊರು ಆರಿಸಿಕೋ. ಬೆನಿನ್ ದೇಶದ ವೀಡಾ ಬಂದರು ಇದೆ, 1482ರಲ್ಲಿ ಪೋರ್ಚುಗೀಸರು ಕಟ್ಟಲು ಶುರು ಮಾಡಿದ ಘಾನಾದ ಎಲ್ಮಿನಾ ಕೋಟೆ ಇದೆ. ಇಸವಿಯೂ ಒಂದು ಗೊತ್ತು ಮಾಡಿಕೋ. ಆಗ ಯಾವ ದೇಶದ ಹಡಗು, ಯಾರ ರಾಜ್ಯ, ಯಾವ ಭಾಷೆ ಎಲ್ಲವೂ ತಾನಾಗಿ ಬರುತ್ತದೆ. ಮೊದಲ ಅಧ್ಯಾಯ ಮುಗಿದ ಮೇಲೆ ಈ ಅಂಕಣದ ವಿಳಾಸಕ್ಕೇ ಕಳಿಸು, ಓದುತ್ತೇನೆ.