‘ಹವಣಿಸು’ ಎಂಬ ಕ್ರಿಯಾಪದದ ಅರ್ಥವೇನು, ಅದನ್ನು ಹೇಗೆ ಬಳಸಬೇಕು?

‘ಹವಣಿಸು’ ಎಂದರೆ ಒಂದು ಕೆಲಸಕ್ಕೆ ಬೇಕಾದುದನ್ನು ಮೊದಲೇ ಅಂದಾಜು ಮಾಡಿ, ಅಣಿಯಾಗಿ, ಸಮಯ ನೋಡಿ ಮುಂದಾಗಲು ಯತ್ನಿಸುವುದು. ಹಳಗನ್ನಡದ ‘ಪವಣ್’ ಎಂಬ ಪದಕ್ಕೆ ಅಳತೆ, ಪ್ರಮಾಣ ಎಂಬ ಅರ್ಥವಿತ್ತು. ಪಕಾರವು ಹಕಾರವಾಗಿ ‘ಹವಣು’ ಆದ ಮೇಲೂ ಅಳೆದು ನೋಡುವ ಆ ಭಾವ ಈ ಕ್ರಿಯಾಪದದಲ್ಲಿ ಉಳಿದಿರುವುದೇ ನನಗೆ ಇದರ ಸೊಗಸು. ಇದು ಸಾಮಾನ್ಯವಾಗಿ ‘-ಅಲು’ ರೂಪದೊಂದಿಗೆ ಬರುತ್ತದೆ. ‘ಬೆಕ್ಕು ಗೋಡೆಯಿಂದ ಜಿಗಿಯಲು ಹವಣಿಸುತ್ತಿತ್ತು’ ಎಂದಾಗ ಬೆಕ್ಕು ಇನ್ನೂ ಜಿಗಿದಿಲ್ಲ, ಆದರೆ ಮೈ ಕುಗ್ಗಿಸಿ ದೂರವನ್ನು ಕಣ್ಣಲ್ಲೇ ಅಳೆಯುತ್ತಿದೆ. ‘ಯೋಜಿಸು’ ಎಂಬುದು ಕಾಗದದ ಮೇಲೆಯೇ ಮುಗಿಯಬಹುದು. ಹವಣಿಕೆಯಲ್ಲಿ ಮೈಯ ಸಿದ್ಧತೆಯೂ ಸೇರಿರುತ್ತದೆ. ಪತ್ರಿಕೆಗಳ ‘ಅಧಿಕಾರ ಹಿಡಿಯಲು ಹವಣಿಸುತ್ತಿದ್ದಾರೆ’ ಎಂಬಂಥ ಪ್ರಯೋಗಗಳಿಂದ ಪದಕ್ಕೆ ಸಂಚಿನ ಛಾಯೆ ಅಂಟಿಕೊಂಡಿದೆಯಾದರೂ, ‘ಮಗು ಎದ್ದು ನಿಲ್ಲಲು ಹವಣಿಸುತ್ತಿದೆ’ ಎಂಬುದೂ ಅಷ್ಟೇ ಸರಿಯಾದ ಬಳಕೆ.